ನಾಕೂರಪೇಟೆಯ ರೊಟ್ಟಿ ಅಂಗಡಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಇದನ್ನು ಬರೆಯುತ್ತಿರುವಾಗಲೂ ಮೈ ಉರಿಯುತ್ತಿದೆ. ಹೋದ ವರ್ಷ ನಾನು ಒಂದು ಅಂಗಡಿಗಾಗಿ ಊರಿಗೆ ಊರನ್ನೇ ಎದುರು ಹಾಕಿಕೊಂಡೆ. ಆ ಅಂಗಡಿ ಇದ್ದದ್ದು ಒಂದು ಆನ್‌ಲೈನ್ ಆಟದೊಳಗೆ. ಆಟ ಎಂದ ಕೂಡಲೇ ನಗಬೇಡಿ. ಪೂರ್ತಿ ಕೇಳಿ, ಆಮೇಲೂ ನಗು ಬಂದರೆ ನಗಿ.

ಆಟ ಹೀಗಿದೆ. ಕಂಪ್ಯೂಟರಿನೊಳಗೆ ದೊಡ್ಡದೊಂದು ಬಯಲು, ಕಾಡು, ಹೊಳೆ, ಗುಡ್ಡ. ಆಡುವ ಪ್ರತಿಯೊಬ್ಬರಿಗೂ ಒಂದೊಂದು ಬೊಂಬೆ. ಆ ಬೊಂಬೆಯ ಕೈಯಲ್ಲಿ ಮರ ಕಡಿಸಬೇಕು, ಕಲ್ಲು ಒಡೆಸಬೇಕು, ಹೊಲ ಉಳುಮೆ ಮಾಡಿಸಬೇಕು, ಮನೆ ಕಟ್ಟಿಸಬೇಕು. ಆಟ ಮಾಡಿದವರು ಅಲ್ಲಿ ಒಂದೇ ಒಂದು ಅಂಗಡಿಯನ್ನೂ ಇಟ್ಟಿಲ್ಲ. ಸಂತೆ, ಬೆಲೆ, ಬಾಡಿಗೆ, ಕಾಯಿದೆ ಎಲ್ಲವನ್ನೂ ಆಡುವವರೇ ಮಾಡಿಕೊಳ್ಳಬೇಕು. ಕಬ್ಬಿಣ ಅಗೆಯುವವನಿಗೆ ಬಟ್ಟೆ ಬೇಕು, ಬಟ್ಟೆ ನೇಯುವವಳಿಗೆ ಮರ ಬೇಕು, ಮರ ಕಡಿಯುವವನಿಗೆ ಕಬ್ಬಿಣದ ಕೊಡಲಿ ಬೇಕು. ಹೀಗೆ ಒಬ್ಬರಿಗೊಬ್ಬರು ಬೇಕಾಗಿ, ಕೊಟ್ಟು ತೆಗೆದುಕೊಂಡು, ತಾನಾಗಿಯೇ ಒಂದು ಪೇಟೆ ಬೆಳೆಯುತ್ತದೆ. ನನಗೆ ಹುಚ್ಚು ಹಿಡಿಸಿದ್ದು ಅದೇ.

ನಾನಿರುವುದು ಜಗಳೂರಿನಲ್ಲಿ, ಅಮ್ಮನ ಜೊತೆ. ಕೆಲಸ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಬೆಳಗ್ಗೆಯಿಂದ ಸಂಜೆವರೆಗೆ ಜನರ ತೋಳಿಗೆ ಪಟ್ಟಿ ಬಿಗಿದು ಸೂಜಿ ಚುಚ್ಚುತ್ತೇನೆ. ಸಂಜೆ ಮನೆಗೆ ಬಂದು ಚಾ ಕುಡಿದು ಲ್ಯಾಪ್‌ಟಾಪ್ ತೆಗೆದರೆ ಬೇರೊಂದು ಊರು. ಆ ಊರನ್ನು ಕಟ್ಟಿದ್ದು ನಾವು ನಾಲ್ಕು ಜನ. ಚನ್ನಗಿರಿ ಕಡೆಯ ನಲ್ಲೂರಿನ ಒಬ್ಬ ಅಡಿಕೆ ವ್ಯಾಪಾರಿ, ಹೊನ್ನಾಳಿಯ ಒಬ್ಬಳು ಕಾಲೇಜು ಉಪನ್ಯಾಸಕಿ, ನ್ಯಾಮತಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನೊಬ್ಬ, ಮತ್ತೆ ನಾನು. ಮುಖ ನೋಡಿದವರಲ್ಲ. ಈ ಆಟ ಆಡುವ ಕನ್ನಡದವರ ಗುಂಪೊಂದರಲ್ಲಿ ಪರಿಚಯವಾಗಿ, ಇಯರ್‌ಫೋನಿನಲ್ಲಿ ಮಾತಾಡುತ್ತಾ ಆಡಿದವರು. ನಾಲ್ಕೂ ಊರಿನವರು ಸೇರಿ ಕಟ್ಟಿದ್ದಕ್ಕೆ ನಾಕೂರಪೇಟೆ ಎಂದೇ ಹೆಸರಿಟ್ಟೆವು. ಒಬ್ಬರ ನೆಂಟರು, ಇನ್ನೊಬ್ಬರ ಗೆಳೆಯರು ಎಂದು ಜನ ಸೇರುತ್ತಾ ಹೋದರು. ನ್ಯಾಮತಿಯವನ ಬಾಯಿ ಜೋರು, ಹಾಗಾಗಿ ಅವನೇ ಊರಿನ ಮುಖಂಡನಾದ.

ನಾನು ರೊಟ್ಟಿ ಅಂಗಡಿ ಹಾಕಿದೆ. ಬೊಂಬೆಗಳಿಗೂ ಹಸಿವಾಗುತ್ತದೆ. ಹೊಟ್ಟೆ ಖಾಲಿಯಾದರೆ ಗುದ್ದಲಿ ಎತ್ತಲಾರವು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ಆ ಬೊಂಬೆಯ ಕೈ ಪಳಗುತ್ತದೆ, ಇದು ಆಟದ ನಿಯಮ. ಬೇರೆಯವರೆಲ್ಲ ಗಣಿಗೆ, ಬೇಟೆಗೆ ಓಡುವಾಗ ನಾನು ಒಲೆ ಮುಂದೆ ಕೂತೆ. ಗೋಧಿ ಬಿತ್ತಿದೆ, ಕೊಯ್ದೆ, ಬೀಸಿದೆ, ಬೇಯಿಸಿದೆ, ಸುಟ್ಟು ಕರಕಲಾದದ್ದನ್ನು ಹೊಳೆಗೆ ಎಸೆದೆ, ಮತ್ತೆ ಬೇಯಿಸಿದೆ. ಕೊನೆಗೆ ನನ್ನ ಒಂದು ರೊಟ್ಟಿ ತಿಂದರೆ ಬೊಂಬೆ ಇಡೀ ದಿನ ಕೆಲಸ ಮಾಡುವಷ್ಟಾಯಿತು. ಬೇರೆಯವರ ರೊಟ್ಟಿಯಾದರೆ ಮಧ್ಯಾಹ್ನಕ್ಕೇ ಕಣ್ಣು ಕತ್ತಲೆ ಬಂದು ಕೂರುತ್ತಿತ್ತು. ಆಟದಲ್ಲಿ ಪ್ರತಿ ವಸ್ತುವಿನ ಮೇಲೂ ಅದನ್ನು ಮಾಡಿದವರ ಹೆಸರು ಕಾಣುತ್ತದೆ. ನನ್ನ ಬೊಂಬೆಯ ಹೆಸರು ರೊಟ್ಟಿ ಅಕ್ಕ.

ಮೊದಮೊದಲು ಪೇಟೆಯಲ್ಲಿ ನಾಣ್ಯ ಇರಲಿಲ್ಲ. ಜನ ತಾವಾಗಿಯೇ ನನ್ನ ರೊಟ್ಟಿಯಲ್ಲಿ ಲೆಕ್ಕ ಹಾಕತೊಡಗಿದರು. ಒಂದು ಕೊಡಲಿಗೆ ಇಷ್ಟು ರೊಟ್ಟಿ, ಒಂದು ಕಂಬಳಿಗೆ ಇಷ್ಟು ರೊಟ್ಟಿ. ಅದು ಕೆಡುತ್ತಿರಲಿಲ್ಲ, ಎಲ್ಲರಿಗೂ ಬೇಕಿತ್ತು, ನಕಲು ಮಾಡಲು ಯಾರಿಗೂ ಬರುತ್ತಿರಲಿಲ್ಲ. ಮನೆ ಬಾಡಿಗೆಯನ್ನೂ ರೊಟ್ಟಿಯಲ್ಲೇ ಕಟ್ಟುತ್ತಿದ್ದರು ಎಂದರೆ ನೋಡಿ. ಚೌಕದ ನಡುವೆ ಕಲ್ಲಿನ ಅಂಗಡಿ ಕಟ್ಟಿ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರಿನ ಬೋರ್ಡು ಹಾಕಿದ ಸಂಜೆ ನಾನು ಅಮ್ಮನನ್ನು ಕರೆದು ತೋರಿಸಿದೆ. "ನಿನ್ನ ಹೆಸರು ಐತೇನು ಅದರ ಮ್ಯಾಲೆ? ಚೆಂದ ಐತೆ ಬಿಡು," ಎಂದಳು. ಹುಟ್ಟಿದಾಗಿನಿಂದ ಬೇರೆಯವರ ಹೊಲದಲ್ಲಿ ಕಳೆ ಕಿತ್ತವಳು ಅವಳು. ನನಗೆ ಎಷ್ಟು ಖುಷಿಯಾಯಿತು ಎಂದು ಹೇಳಲು ಬರುವುದಿಲ್ಲ.

ಹೀಗಿರುವಾಗ ನಾಲ್ಕೂ ಜನ ಒಮ್ಮೆ ಮುಖಾಮುಖಿ ಭೇಟಿಯಾಗೋಣ ಎಂದಳು ಹೊನ್ನಾಳಿಯವಳು. ಅವಳ ಮನೆಯಲ್ಲೇ ಭಾನುವಾರದ ಊಟ. ನಾನು ಬಸ್ಸು ಬದಲಿಸಿಕೊಂಡು ಹೋದೆ. ಹೋದ ಕೂಡಲೇ ತಬ್ಬಿಕೊಂಡಳು. ಅಡಿಕೆ ವ್ಯಾಪಾರಿ, "ಓಹೋ, ಇಡೀ ಊರಿಗೆ ಅನ್ನ ಹಾಕೋರು ಬಂದ್ರಪ್ಪ!" ಎಂದು ಎದ್ದು ನಿಂತ. ಎಷ್ಟು ನಕ್ಕೆವು ಅಂದರೆ ಅವಳ ಅತ್ತೆ ಒಳಗಿನಿಂದ ಬಂದು ನೋಡಿ ಹೋದರು. ಟೇಬಲ್ಲಿನ ಮೇಲೆ ಸ್ಟೀಲ್ ತಟ್ಟೆಗಳನ್ನು ಜೋಡಿಸಿಟ್ಟಿದ್ದರು. ಒಳಗಿನಿಂದ ಒಗ್ಗರಣೆ ವಾಸನೆ ಬರುತ್ತಿತ್ತು.

ಆಗ ನ್ಯಾಮತಿಯವನು ಕೇಳಿದ. ಹೇಗೆ ಕೇಳುತ್ತಾರೆ ಎಂದು ನಿಮಗೆ ಗೊತ್ತು. ನೇರವಾಗಿ ಯಾರೂ ಕೇಳುವುದಿಲ್ಲ.

"ಜಗಳೂರಲ್ಲಿ ನಿಮ್ಮ ಮನೆ ಯಾವ ಕಡೆ ಬರ್ತೈತ್ರಿ?"

ಹೇಳಿದೆ.

"ಹಂಗಾರೆ ನೀವು... ಯಾವ ಪೈಕಿ?"

"ನಾವು ಬೌದ್ಧರು," ಎಂದೆ.

ಅವನು ತಲೆಯಾಡಿಸಿದ. ಬಹಳ ಮರ್ಯಾದೆಯಿಂದ ಕೇಳಿದ: "ಅದಕ್ಕೂ ಮೊದ್ಲು?"

ಥೂ! ಆ ಎರಡು ಮಾತು. ಎಷ್ಟು ಓದಿದರೂ, ಎಲ್ಲಿ ಕೆಲಸ ಮಾಡಿದರೂ, ಈ "ಮೊದ್ಲು" ಮಾತ್ರ ಬೆನ್ನು ಬಿಡುವುದಿಲ್ಲ. ನಾನು ಸುಳ್ಳು ಹೇಳುವವಳಲ್ಲ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. "ಈಗಿನ ಕಾಲದಾಗೆ ಅದೆಲ್ಲಾ ಯಾರು ನೋಡ್ತಾರೆ ಬಿಡ್ರಿ," ಎಂದ ಅಡಿಕೆಯವನು. ಅಷ್ಟರಲ್ಲಿ ಆ ಅತ್ತೆ ಬಂದು ಸ್ಟೀಲ್ ತಟ್ಟೆಗಳನ್ನೆಲ್ಲ ಎತ್ತಿಕೊಂಡು ಒಳಗೆ ಹೋದರು. ವಾಪಸ್ಸು ಬಂದಾಗ ಕೈಯಲ್ಲಿ ಕಾಗದದ ತಟ್ಟೆಗಳಿದ್ದವು. "ತೊಳೆಯೋ ಕೆಲಸ ಇರಲ್ಲ," ಎಂದರು. ನಾಲ್ಕೂ ಜನಕ್ಕೂ ಕಾಗದದ ತಟ್ಟೆಯೇ, ನನಗೊಬ್ಬಳಿಗೇ ಅಲ್ಲ. ಎಷ್ಟು ನಾಜೂಕು ನೋಡಿ! ಎದ್ದು ಬರಬೇಕಿತ್ತು ಅನ್ನಿಸಿತು. ಹೊನ್ನಾಳಿಯವಳ ಮುಖ ನೋಡಿ ಊಟ ಮಾಡಿ ಬಂದೆ.

ಆ ವಾರದಿಂದಲೇ ನನ್ನ ಅಂಗಡಿಗೆ ಗಿರಾಕಿ ಕಡಿಮೆಯಾಯಿತು.

ಮೊದಲು ಪರೀಕ್ಷೆ ಕಾಲ, ಆಡುವವರೇ ಕಡಿಮೆ ಎಂದುಕೊಂಡೆ. ಆದರೆ ಚೌಕದಲ್ಲಿ ಬೊಂಬೆಗಳು ಎಂದಿನಂತೆ ಓಡಾಡುತ್ತಿದ್ದವು. ನನ್ನ ಬಾಗಿಲವರೆಗೆ ಬಂದು, ಬೋರ್ಡು ನೋಡಿ, ಪಕ್ಕದ ಅಂಗಡಿಗೆ ತಿರುಗುತ್ತಿದ್ದವು. ಕೇಳಿದರೆ "ಸ್ಟಾಕ್ ಐತೆ ಅಕ್ಕ" ಎನ್ನುತ್ತಿದ್ದರು. ಆಮೇಲೆ ಅಕ್ಕ ಹೋಗಿ ಮೇಡಂ ಆಯಿತು. ಮುಂದಿನ ಸಭೆಯಲ್ಲಿ ಮುಖಂಡ ಹೊಸ ನಾಣ್ಯ ತಂದ. ತಾಮ್ರದ ಬಿಲ್ಲೆ. "ಪೇಟೆ ದೊಡ್ಡದಾತು, ಇನ್ನೂ ರೊಟ್ಟಿಯಾಗೆ ವ್ಯವಹಾರ ಮಾಡಾಕೆ ಆಗಲ್ಲ. ಮುಂದಿನ ತಿಂಗಳಿಂದ ಬಾಡಿಗೆ ಬಿಲ್ಲೆಯಾಗೇ ಕಟ್ರಿ," ಎಂದ. ಎಲ್ಲರೂ ಕೈ ಎತ್ತಿದರು. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ರೇಗಿತು. ಮೊನ್ನೆಯವರೆಗೆ ಎಲ್ಲರ ಚೀಲದಲ್ಲಿದ್ದ ನನ್ನ ರೊಟ್ಟಿ ಒಂದು ಕೈ ಎತ್ತುವುದರಲ್ಲಿ ಬರೀ ಹಿಟ್ಟಾಯಿತು.

ಅರೇ, ಅದೇನು ನಿಜವಾದ ರೊಟ್ಟಿಯೇನ್ರಿ? ಕಂಪ್ಯೂಟರಿನೊಳಗಿನ ಬಣ್ಣದ ಚುಕ್ಕಿ! ವಾಸನೆ ಇಲ್ಲ, ರುಚಿ ಇಲ್ಲ, ಕೈಗೆ ಸಿಗುವುದಿಲ್ಲ. ತಿನ್ನುವುದು ಬೊಂಬೆ. ಆ ಬೊಂಬೆಗೆ ಅಪ್ಪ ಅಮ್ಮ ಇಲ್ಲ, ಕೇರಿ ಇಲ್ಲ. ಅದಕ್ಕೂ ಮೈಲಿಗೆಯಾಗುತ್ತದೆಯೇ? ಹಗಲು ಹೊತ್ತು ಇಂಥವರೇ ಲ್ಯಾಬಿಗೆ ಬಂದು ನನ್ನ ಮುಂದೆ ತೋಳು ಚಾಚುತ್ತಾರೆ. "ಮೆಲ್ಲಕ್ಕೆ ಚುಚ್ರಿ ಮೇಡಂ," ಎಂದು ಬೇಡಿಕೊಳ್ಳುತ್ತಾರೆ. ನೆತ್ತರು ಕೊಡಬಹುದು, ಚುಕ್ಕಿ ರೊಟ್ಟಿ ತೆಗೆದುಕೊಳ್ಳುವಂತಿಲ್ಲ. ಅಮ್ಮನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೂ ಆಗಲಿಲ್ಲ. "ಅಲ್ಲಿಗೂ ಬಂದ್ರಾ?" ಎಂದು ಕೇಳಿ ಸೊಪ್ಪು ಸೋಸುವುದನ್ನು ಮುಂದುವರಿಸಿದಳು. ಅವಳ ಮೇಲೂ ರೇಗಿದೆ.

ಹೊನ್ನಾಳಿಯವಳಿಗೆ ಫೋನು ಮಾಡಿದೆ. ಅವಳು ಅತ್ತೇಬಿಟ್ಟಳು. "ನಂಗೆ ಅದರಾಗೆಲ್ಲಾ ನಂಬಿಕೆ ಇಲ್ಲ ಕಣೆ, ದೇವರಾಣೆ ಇಲ್ಲ. ಆದ್ರೆ ನಮ್ಮ ಮೈದುನಂದಿರೂ ಆಡ್ತಾರಲ್ಲ, ಚೀಲದಾಗೆ ನಿನ್ನ ಹೆಸರಿನ ರೊಟ್ಟಿ ನೋಡಿದ್ರೆ ಮನೆಯಾಗೆ ಮಾತು ಬರ್ತೈತೆ. ಒಂದು ಕೆಲಸ ಮಾಡು. ನಮ್ಮ ಮನೆ ಹಿಂದುಗಡೆ ಗೋಡೆ ಪಕ್ಕ ಒಂದು ಪೆಟ್ಟಿಗೆ ಇಡ್ತೀನಿ. ಅದರಾಗೆ ಹಾಕಿ ಹೋಗು. ಬಿಲ್ಲೆ ಅಲ್ಲೇ ಇಟ್ಟಿರ್ತೀನಿ."

ನಮ್ಮ ಅಜ್ಜಿಗೆ ಕೂಲಿಯ ಕಾಳನ್ನು ಹಿತ್ತಲ ಬಾಗಿಲಲ್ಲಿ, ಮೇಲಿನಿಂದ ಸೆರಗಿಗೆ ಹಾಕುತ್ತಿದ್ದರಂತೆ. ಈಗ ಸ್ನಾತಕೋತ್ತರ ಪದವೀಧರೆಯೊಬ್ಬಳು ಇಂಟರ್‌ನೆಟ್ಟಿನಲ್ಲಿ ಹಿತ್ತಲ ಬಾಗಿಲು ತೆಗೆಯುತ್ತಿದ್ದಾಳೆ, ಅದೂ ಅಳುತ್ತಾ, ನನ್ನ ಮೇಲಿನ ಪ್ರೀತಿಯಿಂದ. ಬಾಯಿಗೆ ಬಂದಂತೆ ಬೈದು ಫೋನಿಟ್ಟೆ. ಅವಳಿಗೆ ಬೈದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ.

ಆದರೆ ಬೈದರೆ ಬಾಡಿಗೆ ಹುಟ್ಟುವುದಿಲ್ಲವಲ್ಲ. ಚೌಕದ ಜಾಗಕ್ಕೆ ಪೇಟೆಯ ಬಾಡಿಗೆ ಕಟ್ಟದಿದ್ದರೆ ಅಂಗಡಿ ಹರಾಜು, ಅದು ನಾವೇ ಮಾಡಿದ ಕಾಯಿದೆ. ಕೊಳ್ಳುವವರಿಲ್ಲದೆ ಬಿಲ್ಲೆ ಎಲ್ಲಿಂದ ತರಲಿ? ಆಗ ಅಡಿಕೆ ವ್ಯಾಪಾರಿ ಬಂದ. "ನೀವೇನೂ ಚಿಂತೆ ಮಾಡಬ್ಯಾಡ್ರಿ ಅಕ್ಕ. ಇರೋ ಬರೋ ರೊಟ್ಟಿನೆಲ್ಲಾ ನಾನೇ ಎತ್ತತೀನಿ. ಹೊಳೆ ಆಚೆ ಬೇರೆ ಭಾಷೆಯೋರ ಪೇಟೆ ಐತಲ್ಲ, ಅಲ್ಲಿಗೆ ಕಳಿಸ್ತೀನಿ." ಕೊಟ್ಟದ್ದು ಹಳೆಯ ಬೆಲೆಯ ಮೂರರಲ್ಲಿ ಒಂದು ಪಾಲು. ಹೋಗಲಿ, ದೂರದ ಸಾಗಣೆ ಎಂದು ಒಪ್ಪಿಕೊಂಡೆ. ಅಂಗಡಿ ಉಳಿಯಿತು, ಬೋರ್ಡು ಉಳಿಯಿತು. ವಾರಕ್ಕೊಮ್ಮೆ ಅವನ ಗಾಡಿ ಬಂದು ಹೊತ್ತುಕೊಂಡು ಹೋಗುತ್ತಿತ್ತು.

ಅದೇ ಸಮಯಕ್ಕೆ ಅವನು ಚೌಕದಲ್ಲಿ ತುಪ್ಪದ ರೊಟ್ಟಿ ಎಂಬ ಹೊಸ ಮಾಲು ಇಟ್ಟ. ಮೇಲೆ ಅವನದೇ ಹೆಸರು. ಜನ ಮುಗಿಬಿದ್ದು ಕೊಂಡರು. "ಏನ್ರಿ ಇದು, ಇಡೀ ದಿನ ಹಸಿವೇ ಆಗಲ್ಲ!" ಎಂದು ಹೊಗಳಿದ್ದೇ ಹೊಗಳಿದ್ದು. ನಾನೂ ಬೆಪ್ಪಿಯಂತೆ ಅಂದುಕೊಂಡೆ, ಇವನ ಕೈಯೂ ಪಳಗಿತಲ್ಲ ಎಂದು.

ಒಂದು ಸಂಜೆ ಗಾಡಿ ಬರಲಿಲ್ಲ. ನಾನೇ ರೊಟ್ಟಿ ಹೊತ್ತುಕೊಂಡು ಅವನ ಗೋದಾಮಿಗೆ ಹೋದೆ. ಬಾಗಿಲು ತೆಗೆದೇ ಇತ್ತು. ಒಳಗೆ ಗೋಡೆಯುದ್ದಕ್ಕೂ ನನ್ನ ರೊಟ್ಟಿ, ಒಂದೊಂದರ ಮೇಲೂ ರೊಟ್ಟಿ ಅಕ್ಕ ಎಂಬ ಹೆಸರು. ಪಕ್ಕದಲ್ಲಿ ಕಾವಲಿ, ತುಪ್ಪದ ಗಡಿಗೆ. ಅವನ ಬೊಂಬೆ ಒಂದೊಂದನ್ನೇ ಎತ್ತಿ ಕಾವಲಿಗೆ ಹಾಕಿ ತುಪ್ಪ ಸವರಿ ತೆಗೆಯುತ್ತಿತ್ತು. ತೆಗೆದಾಗ ಅದರ ಮೇಲೆ ಅವನ ಹೆಸರು. ಕೊನೆಗೆ ಬೆಂಕಿ ತೋರಿಸಿದವರೇ ಮಾಡಿದವರು ಎಂದು ಆ ಆಟ ಲೆಕ್ಕ ಹಿಡಿಯುತ್ತದೆ.

"ಏನ್ರಿ ಇದು?" ಎಂದೆ.

ಅವನಿಗೆ ನಾಚಿಕೆಯೇ ಇಲ್ಲ. "ಅಕ್ಕ, ನಮ್ಮ ಕಡೆ ಅಡಿಕೆ ಹೆಂಗೆ ಹೇಳ್ರಿ? ಕೆರೆಬಿಳಚಿಯಿಂದ, ನಲ್ಲೂರಿಂದ, ಎಲ್ಲೆಲ್ಲಿಂದನೋ ಹಸಿ ಕಾಯಿ ತರ್ತೀವಿ. ಸುಲಿದು, ಬೇಯಿಸಿ, ಕಾಯಿ ಬೇಯಿಸಿದ ನೀರಿನ ಚೊಗರಿಗೆ ಅದ್ದಿ ತೆಗೆದ ಮ್ಯಾಲೆ ಎಲ್ಲಾ ಒಂದೇ ಕೆಂಪು. ಯಾರ ತೋಟದ್ದು ಅಂತ ಆಮೇಲೆ ಯಾರೂ ಕೇಳಲ್ಲ. ವ್ಯಾಪಾರ ಅಂದ್ರೆ ಹಂಗೇ. ನಿಮ್ಮ ಮಾಲು ಹೋಗ್ತೈತೆ, ನಿಮ್ಮ ಅಂಗಡಿ ನಡೀತೈತೆ. ನಾನು ನಿಮಗೆ ಉಪಕಾರನೇ ಮಾಡೀನಿ."

"ಹೊಳೆ ಆಚೆ ಕಳಿಸ್ತೀನಿ ಅಂದಿದ್ರಿ."

"ನಿಜ ಹೇಳಿದ್ರೆ ನೀವು ಕೊಡ್ತಿದ್ರಾ?"

ನನ್ನ ದುಡಿಮೆ ಬೇಕು. ನನ್ನ ಕೈಗುಣ ಬೇಕು. ಹೆಸರು ಮಾತ್ರ ತೊಳೆದು ಕೊಡಬೇಕು. ಅದನ್ನು ಉಪಕಾರ ಎಂದು ಬೇರೆ ಕರೆಯುತ್ತಾನೆ! ಎರಡು ಪಾಲು ಲಾಭ ಹೊಡೆದದ್ದಕ್ಕಿಂತ ಆ ಉಪಕಾರ ಎಂಬ ಮಾತು ನನ್ನ ಹೊಟ್ಟೆಗೆ ಬೆಂಕಿ ಹಾಕಿತು. ಹೊತ್ತುಕೊಂಡು ಹೋದದ್ದನ್ನು ವಾಪಸ್ಸು ಹೊತ್ತುಕೊಂಡು ಬಂದೆ.

ಶನಿವಾರದ ಸಂತೆಯಲ್ಲಿ ಎಲ್ಲರೂ ಸೇರಿದ್ದಾಗ ಚೌಕದ ಕಟ್ಟೆ ಹತ್ತಿ ಮೈಕು ಆನ್ ಮಾಡಿದೆ. "ಇಷ್ಟು ದಿನ ನೀವೆಲ್ಲಾ ಚಪ್ಪರಿಸಿದ್ದು ನನ್ನ ರೊಟ್ಟಿ. ನನ್ನ ಹೆಸರು ಬ್ಯಾಡ ಅಂತ ಬಿಟ್ರಿ, ನನ್ನ ರೊಟ್ಟಿನೇ ತಿಂದ್ರಿ. ನಂಬಿಕೆ ಇಲ್ಲದಿದ್ರೆ ಅವರ ಗೋದಾಮು ನೋಡ್ಕೊಂಡು ಬರ್ರಿ," ಎಂದೆ. ನಾಚಿಕೆಯಾಗುತ್ತದೆ, ತಲೆ ತಗ್ಗಿಸುತ್ತಾರೆ ಎಂದು ನಾನು ನಂಬಿದ್ದೆ. ಸತ್ಯ ಹೇಳುತ್ತೇನೆ, ನಂಬಿದ್ದೆ.

ಯಾರೋ, "ಅಯ್ಯಯ್ಯೋ, ನಾನು ಈಗಿನ್ನೂ ತಿಂದೆ!" ಎಂದರು. ಒಂದು ಬೊಂಬೆ ಹೊಳೆಯ ಕಡೆ ಓಡಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಸಂತೆಗೆ ಸಂತೆಯೇ ದಡದಲ್ಲಿ ಸಾಲಾಗಿ ನಿಂತು ಚೀಲ ಬಗ್ಗಿಸಿ ರೊಟ್ಟಿ ಸುರಿಯತೊಡಗಿತು. ನೀರಿನ ಮೇಲೆ ತೇಲುತ್ತಾ ಹೋದವು. ಕೆಲವರು ಅದರ ಪಕ್ಕದಲ್ಲೇ ಬೊಂಬೆಯನ್ನು ನೀರಿಗಿಳಿಸಿ ಮುಳುಗಿಸಿ ಎತ್ತಿದರು. ತಮಾಷೆಗೆ ಎಂದು ಆಮೇಲೆ ಹೇಳಿದರು. ನಾನು ಮೈಕಿನಲ್ಲಿ ಕಿರುಚಿದೆ. ಯಾರೋ ನನ್ನ ಮೈಕು ಬಂದ್ ಮಾಡಿದರು.

ಸಭೆ ನಡೆಯಿತು. ತಪ್ಪು ಯಾರದ್ದೆಂದು ತೀರ್ಮಾನವಾಯಿತು ಗೊತ್ತೇ? ನನ್ನದು! "ಹೇಳದೆ ಕೇಳದೆ ತಿನ್ನಿಸಿದ್ದು ಸರಿಯಲ್ರಿ ಮೇಡಂ. ಜನಕ್ಕೆ ಬೇಜಾರಾಗೈತೆ," ಎಂದ ಮುಖಂಡ. ಅಡಿಕೆಯವನು, "ನಾನು ಬರೀ ವ್ಯಾಪಾರ ಮಾಡಿದೆ," ಎಂದದ್ದಕ್ಕೆ ಎಲ್ಲರೂ ಹೌದೆಂದರು. ನನಗೆ ದಂಡ. ಕಟ್ಟುವುದಿಲ್ಲ ಎಂದು ಬರೆದು ಹಾಕಿದೆ. ಒಂದು ಬಿಲ್ಲೆಯನ್ನೂ ಕಟ್ಟುವುದಿಲ್ಲ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ ಎಂದೆ. ಕಟ್ಟದಿದ್ದರೆ ಅಂಗಡಿ ಹರಾಜು ಎಂದರು.

ಹರಾಜಿನ ದಿನ ಹೋಗಬಾರದು ಎಂದುಕೊಂಡಿದ್ದೆ. ತಡೆಯಲಾಗಲಿಲ್ಲ. ನನ್ನ ಬೊಂಬೆಯನ್ನು ಒಲೆಯ ಪಕ್ಕದಲ್ಲೇ ನಿಲ್ಲಿಸಿ ಕೂತೆ. ಚೌಕ ತುಂಬಿತ್ತು. ಮುಖಂಡ ಕೂಗಿದ. ಚೌಕದ ನಡುವಿನ ಅಂಗಡಿ, ಕಲ್ಲಿನ ಕಟ್ಟಡ, ಎರಡು ಒಲೆ, ಹಿಂದೆ ಗೋಧಿ ಹೊಲ. ಸವಾಲು ನೂರು ಬಿಲ್ಲೆಯಿಂದ ಶುರು. ಆ ಪೇಟೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಕೂಗುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ ಎಂದು ಹಲ್ಲು ಕಚ್ಚಿಕೊಂಡು ಕಾದೆ.

ಯಾರೂ ಕೂಗಲಿಲ್ಲ.

ಐವತ್ತಕ್ಕೆ ಇಳಿಸಿದ. ಇಲ್ಲ. ಹತ್ತಕ್ಕೆ ಇಳಿಸಿದ. ಬೊಂಬೆಗಳು ನಿಂತಲ್ಲೇ ನಿಂತಿದ್ದವು. "ಏನ್ರಪ್ಪಾ, ಒಂದು ಬಿಲ್ಲೆಗೂ ಬ್ಯಾಡವಾ?" ಎಂದು ನಗಲು ನೋಡಿದ. ಯಾರೋ ಮೆಲ್ಲಗೆ, "ಒಲೆ ಐತಲ್ರಿ... ಅದನ್ನ ಒಡೆದು, ಕಲ್ಲೆಲ್ಲಾ ತೆಗೆಸಿ ಹೊಸದಾಗಿ ಕಟ್ಟಬೇಕಾಗ್ತೈತೆ," ಎಂದರು. ಅಡಿಕೆಯವನಿಗೆ ಆಸೆಯಿತ್ತು, ನನಗೆ ಗೊತ್ತು. ಅವನ ಬೊಂಬೆ ಒಂದು ಹೆಜ್ಜೆ ಮುಂದೆ ಬಂತು. ಸುತ್ತ ಇದ್ದವರನ್ನು ನೋಡಿ ನಿಂತುಬಿಟ್ಟಿತು. ತುಪ್ಪ ಸವರಿ ರೊಟ್ಟಿಯ ಹೆಸರು ತೆಗೆಯಬಹುದು, ಕಲ್ಲಿನ ಅಂಗಡಿಗೆ ಏನು ಸವರುತ್ತಾನೆ? ಹೊನ್ನಾಳಿಯವಳ ಬೊಂಬೆಯೂ ಅಲ್ಲೇ ಇತ್ತು. ಅವಳೂ ಕೂಗಲಿಲ್ಲ.

ಹರಾಜಿನಲ್ಲಿ ಹೋಗದ ಆಸ್ತಿ ಮೊದಲಿದ್ದವರಿಗೇ ಸೇರುತ್ತದೆ, ಅದೂ ನಮ್ಮದೇ ಕಾಯಿದೆ. ಮುಖಂಡ ಗಂಟಲು ಸರಿಮಾಡಿಕೊಂಡು, "ಹಂಗಾರೆ ಅಂಗಡಿ ನಿಮಗೇ ಉಳೀತು ಮೇಡಂ," ಎಂದ. ದಂಡದ ಮಾತು ಎತ್ತಲಿಲ್ಲ. ಜನ ಚದುರಿದರು.

ದಂಡ ಹಾಕಿದಾಗ ನಾನು ಅತ್ತಿರಲಿಲ್ಲ. ರೊಟ್ಟಿ ಹೊಳೆಗೆ ಸುರಿದಾಗಲೂ ಅತ್ತಿರಲಿಲ್ಲ. ಗೆದ್ದಾಗ ಅತ್ತೆ, ಲ್ಯಾಪ್‌ಟಾಪಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತೆ. ಕಸಿದುಕೊಳ್ಳುವುದಕ್ಕೂ ಬೇಡವಾಯಿತಲ್ಲ ಎಂದು. ಅಮ್ಮ ಬಂದು ಬೆನ್ನ ಮೇಲೆ ಕೈಯಿಟ್ಟು, "ಅಂಗಡಿ ಹೋತಾ?" ಎಂದು ಕೇಳಿದಳು. "ಇಲ್ಲಮ್ಮ, ನಂಗೇ ಬಂತು," ಎಂದೆ. ಅವಳಿಗೆ ಅರ್ಥವಾಯಿತು. ಅಲ್ಲೇ ಕೂತಳು.

ಕಣ್ಣೊರೆಸಿಕೊಂಡು ಎರಡೂ ಒಲೆ ಹಚ್ಚಿದೆ. ಒಂದು ಹೊರೆ ರೊಟ್ಟಿ ಬೇಯಿಸಿ ಅಂಗಡಿಯ ಮುಂದೆ ಜೋಡಿಸಿದೆ. ಹಳೆಯ ಬೆಲೆಯನ್ನು ಅಳಿಸಿ ಅದರ ಹತ್ತು ಪಟ್ಟು ಬರೆದೆ.